ಯಂತ್ರದ ಹಂಗು ತೊರೆದ ಬಿಲ್ಡ್

ಆಪರೇಟಿಂಗ್ ಸಿಸ್ಟಮ್‌ನ ಬಿಲ್ಡ್ ವ್ಯವಸ್ಥೆ ಎಂದರೆ ಸೋರ್ಸ್ ಕೋಡಿನಿಂದ ಕರ್ನಲ್, ಲೈಬ್ರರಿ, ಕಮಾಂಡು, ಕೈಪಿಡಿ ಪುಟಗಳನ್ನು ಸರಿಯಾದ ಕ್ರಮದಲ್ಲಿ ಕಟ್ಟಿ, ಕೊನೆಗೆ ಡಿಸ್ಕಿಗೆ ಬರೆಯಬಹುದಾದ ಇಮೇಜನ್ನು ಕೈಗಿಡುವ ಮೇಕ್‌ಫೈಲ್ ಮತ್ತು ಶೆಲ್ ಸ್ಕ್ರಿಪ್ಟುಗಳ ಜಾಲ. ಲಿನಕ್ಸ್ ವಿತರಣೆಗಳಲ್ಲಿ ಸಾವಿರಾರು ಪ್ಯಾಕೇಜುಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ, ಒಂದೊಂದಕ್ಕೂ ಅದರದೇ ಬಿಲ್ಡ್ ರೀತಿ. ಬಿಎಸ್‌ಡಿ ಪರಂಪರೆಯಲ್ಲಿ ಹಾಗಲ್ಲ. ಕರ್ನಲ್‌ನಿಂದ ಹಿಡಿದು ‘ಕ್ಯಾಟ್’ ಕಮಾಂಡಿನವರೆಗೆ ಎಲ್ಲವೂ ಒಂದೇ ಸೋರ್ಸ್ ಟ್ರೀಯಲ್ಲಿರುತ್ತವೆ, ಒಂದೇ ವ್ಯವಸ್ಥೆ ಅವನ್ನೆಲ್ಲ ಕಟ್ಟುತ್ತದೆ. ಇದನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ 1993ರಲ್ಲಿ ಶುರುವಾದ ನೆಟ್‌ಬಿಎಸ್‌ಡಿಯಷ್ಟು ಒಳ್ಳೆಯ ಮಾದರಿ ಸಿಗುವುದು ಕಷ್ಟ. ವ್ಯಾಕ್ಸ್‌ನಂಥ ಹಳೆಯ ಯಂತ್ರದಿಂದ ಇಂದಿನ 64 ಬಿಟ್ ಆರ್ಮ್ ಬೋರ್ಡಿನವರೆಗೆ ಹತ್ತಾರು ಬಗೆಯ ಯಂತ್ರಗಳ ಮೇಲೆ ಅದು ಓಡಬೇಕು. ಹಾಗಾಗಿ ಬಿಲ್ಡನ್ನು ಉಪಕಸುಬಾಗಿ ಕಾಣುವ ಅನುಕೂಲ ಆ ಯೋಜನೆಗೆ ಎಂದೂ ಇರಲಿಲ್ಲ.

ಮೊದಲಿನ ಕ್ರಮದ ಹೆಸರು ‘ಮೇಕ್ ಬಿಲ್ಡ್’. ಯಾವ ಬಗೆಯ ಯಂತ್ರಕ್ಕೆ ಸಿಸ್ಟಮ್ ಬೇಕೋ ಅದೇ ಬಗೆಯ ಯಂತ್ರದ ಮೇಲೆ, ರೂಟ್ ಅಧಿಕಾರದಲ್ಲಿ ಕಟ್ಟಬೇಕಿತ್ತು. ಹೊಸ ಹೆಡರ್, ಹೊಸ ಲೈಬ್ರರಿ, ಹೊಸ ಕಂಪೈಲರ್ ಒಂದೊಂದಾಗಿ ಓಡುತ್ತಿರುವ ಸಿಸ್ಟಮ್‌ನೊಳಕ್ಕೇ ಇನ್‌ಸ್ಟಾಲ್ ಆಗುತ್ತಿದ್ದವು, ಅವುಗಳ ನೆರವಿನಿಂದ ಮುಂದಿನವು ತಯಾರಾಗುತ್ತಿದ್ದವು. ನಡುವೆ ಎಡವಟ್ಟಾದರೆ ಕುಳಿತ ಕೊಂಬೆಯನ್ನೇ ಕಡಿದಂತೆ. ಅರ್ಧ ಹಳೆಯದು ಅರ್ಧ ಹೊಸದಾದ ಸಿಸ್ಟಮ್ ಉಳಿಯುತ್ತಿತ್ತು. ನಿಧಾನದ ಯಂತ್ರಗಳಲ್ಲಿ ಈ ಕೆಲಸ ದಿನಗಟ್ಟಲೆ ಎಳೆಯುತ್ತಿತ್ತು. ಇದೆಲ್ಲಕ್ಕಿಂತ ಕೆಟ್ಟ ತೊಡಕು ಕಣ್ಣಿಗೆ ಕಾಣುತ್ತಿರಲಿಲ್ಲ: ಬಿಲ್ಡಿನಿಂದ ಏನು ಹೊರಬರುತ್ತದೆ ಎಂಬುದು ಆ ಯಂತ್ರದಲ್ಲಿ ಮೊದಲೇ ಏನಿತ್ತು ಎಂಬುದನ್ನು ಅವಲಂಬಿಸಿತ್ತು.

ಈ ಹಂಗನ್ನು ಹರಿದದ್ದು ‘ಬಿಲ್ಡ್.ಎಸ್‌ಎಚ್’ ಎಂಬ ಶೆಲ್ ಸ್ಕ್ರಿಪ್ಟ್. ಟಾಡ್ ವಿಯರ್ಲಿಂಗ್ ಮತ್ತು ಲೂಕ್ ಮ್ಯೂಬರ್ನ್ ಅವರ ಕೋಡಿನ ಮೇಲೆ ನಿಂತ ಇದು 2002ರ ನೆಟ್‌ಬಿಎಸ್‌ಡಿ 1.6ರೊಂದಿಗೆ ಎಲ್ಲರ ಕೈಗೆ ಬಂತು. ಮರುವರ್ಷ ಬಿಎಸ್‌ಡಿಕಾನ್ ಸಮ್ಮೇಳನದಲ್ಲಿ ಮ್ಯೂಬರ್ನ್ ಮತ್ತು ಮ್ಯಾಥ್ಯೂ ಗ್ರೀನ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಬಿಲ್ಡ್ ನಡೆಯುವ ಯಂತ್ರದಿಂದ ಅದು ಕೇಳುವುದು ಹೆಚ್ಚೂಕಡಿಮೆ ಒಂದು ಕಂಪೈಲರ್ ಮತ್ತು ಒಂದು ಶೆಲ್, ಅಷ್ಟೇ. ಆ ಯಂತ್ರ ಲಿನಕ್ಸ್ ಆಗಿರಲಿ, ಮ್ಯಾಕ್ ಆಗಿರಲಿ, ಅಲ್ಲಿನ ‘ಮೇಕ್’ ಅನ್ನು ಕೂಡ ಅದು ನಂಬುವುದಿಲ್ಲ. ತನ್ನದೇ ‘ಎನ್‌ಬಿಮೇಕ್’ ಅನ್ನು ಮೊದಲು ಕಟ್ಟಿಕೊಳ್ಳುತ್ತದೆ. ಆಮೇಲೆ ತನ್ನದೇ ಆಕ್, ಸೆಡ್, ಎಂ4, ಇನ್‌ಸ್ಟಾಲ್, ಗುರಿ ಯಂತ್ರಕ್ಕೆ ತಕ್ಕ ಕ್ರಾಸ್ ಕಂಪೈಲರ್, ಲಿಂಕರ್ ಎಲ್ಲವನ್ನೂ ‘ಟೂಲ್‌ಡಿರ್’ ಎಂಬ ಪ್ರತ್ಯೇಕ ಜಾಗದಲ್ಲಿ ಸಜ್ಜುಗೊಳಿಸುತ್ತದೆ. ಅಲ್ಲಿಂದ ಮುಂದೆ ಸಿಸ್ಟಮ್ ತಯಾರಾಗುವುದು ಈ ಸಲಕರಣೆಗಳಿಂದ.

ರೂಟ್ ಅಧಿಕಾರವಿಲ್ಲದೆ ಕಟ್ಟುವ ಏರ್ಪಾಡು ಇಡೀ ವಿನ್ಯಾಸದ ಅತ್ಯಂತ ಸೊಗಸಾದ ಭಾಗ. ‘ಎಸ್‌ಯು’ ಕಮಾಂಡಿನ ಕಡತ ರೂಟ್‌ಗೆ ಸೇರಿರಬೇಕು, ಯಾರು ಓಡಿಸಿದರೂ ಮಾಲೀಕರ ಅಧಿಕಾರದಲ್ಲೇ ಓಡುವಂತೆ ಮಾಡುವ ಸೆಟ್‌ಯುಐಡಿ ಗುರುತು ಅದರ ಮೇಲಿರಬೇಕು. ಸಾಮಾನ್ಯ ಬಳಕೆದಾರರು ಅಂಥ ಕಡತವನ್ನು ಸೃಷ್ಟಿಸಲಾರರು. ಡಿವೈಸ್ ನೋಡ್‌ಗಳಂತೂ ದೂರದ ಮಾತು. ನೆಟ್‌ಬಿಎಸ್‌ಡಿ ಕಂಡುಕೊಂಡ ದಾರಿಯೆಂದರೆ ಅವನ್ನು ಸೃಷ್ಟಿಸದೆ ಬರೆದಿಡುವುದು. ಇನ್‌ಸ್ಟಾಲ್ ಕಮಾಂಡು ಕಡತವನ್ನು ಸಾಮಾನ್ಯ ಬಳಕೆದಾರರ ಹೆಸರಿನಲ್ಲೇ ಗುರಿ ಡೈರೆಕ್ಟರಿಗೆ ನಕಲು ಮಾಡುತ್ತದೆ. ಜೊತೆಗೆ ‘ಮೆಟಾಲಾಗ್’ ಎಂಬ ಪಠ್ಯ ಕಡತಕ್ಕೆ ಒಂದು ಸಾಲು ಸೇರಿಸುತ್ತದೆ. ಮಾಲೀಕ ರೂಟ್, ಗುಂಪು ವ್ಹೀಲ್, ಮೋಡ್ 4555 ಎಂಬ ವಿವರವೆಲ್ಲ ಆ ಸಾಲಿನಲ್ಲಿರುತ್ತದೆ. ಕೊನೆಯಲ್ಲಿ ಟಾರ್ ಕಡತ ಕಟ್ಟುವ ‘ಪ್ಯಾಕ್ಸ್’, ಡಿಸ್ಕ್ ಇಮೇಜ್ ಕಟ್ಟುವ ‘ಮೇಕ್‌ಎಫ್‌ಎಸ್’ ಇವೆರಡೂ ಆ ಪಟ್ಟಿಯನ್ನು ಓದಿ, ಅಲ್ಲಿರುವ ಮಾಲೀಕತ್ವವನ್ನು ನೇರವಾಗಿ ಇಮೇಜಿನೊಳಗೆ ಬರೆಯುತ್ತವೆ. ಬಿಲ್ಡ್ ಆದ ಯಂತ್ರದ ಕೂದಲೂ ಕೊಂಕುವುದಿಲ್ಲ.

ನಿರ್ವಹಣೆಯ ದಿನನಿತ್ಯದ ಕೆಲಸ ಇಷ್ಟು ರೋಚಕವಲ್ಲ, ಆದರೆ ವ್ಯವಸ್ಥೆ ಉಳಿದಿರುವುದು ಅದರಿಂದಲೇ. ‘ಕ್ಯಾಟ್’ನಂಥ ಪುಟ್ಟ ಪ್ರೋಗ್ರಾಮಿನ ಮೇಕ್‌ಫೈಲ್ ಕೆಲವೇ ಸಾಲಿನದು: ಪ್ರೋಗ್ರಾಮಿನ ಹೆಸರು, ‘ಬಿಎಸ್‌ಡಿ.ಪ್ರಾಗ್.ಎಂಕೆ’ ಕಡತವನ್ನು ಒಳಗೊಳ್ಳುವ ಸೂಚನೆ. ಕಂಪೈಲ್, ಲಿಂಕ್, ಇನ್‌ಸ್ಟಾಲ್ ಮಾಡುವ ನಿಯಮಗಳೆಲ್ಲ ಆ ಎಂಕೆ ಕಡತಗಳಲ್ಲೇ ಇವೆ. ಅಲ್ಲಿ ಒಂದು ಸಾಲು ಬದಲಾದರೆ ಇಡೀ ಟ್ರೀಯ ಮೇಲೆ ಪರಿಣಾಮವಾಗುತ್ತದೆ. ಅಂಥ ಬದಲಾವಣೆಯನ್ನು ಒಂದೇ ಬಗೆಯ ಯಂತ್ರಕ್ಕೆ ಕಟ್ಟಿ ನೋಡಿ ಒಪ್ಪಿಸುವುದು ಸರಿಯಲ್ಲ. ಬಿಟ್‌ಗಳ ಅಗಲ, ಬೈಟ್‌ಗಳ ಕ್ರಮ, ಕಂಪೈಲರ್ ಆವೃತ್ತಿ ಬೇರೆ ಬೇರೆಯಾದ ಕೆಲವಕ್ಕಾದರೂ ಕಟ್ಟಿ ನೋಡಲೇಬೇಕು.

ಇನ್‌ಸ್ಟಾಲ್ ಆಗುವ ಪ್ರತಿ ಕಡತದ ಹೆಸರೂ ‘ಸೆಟ್ ಲಿಸ್ಟ್’ ಎಂಬ ಪಟ್ಟಿಗಳಲ್ಲಿ ಇರಬೇಕೆಂಬ ನಿಯಮ ಹೊಸಬರಿಗೆ ಕಿರಿಕಿರಿ ಅನ್ನಿಸುತ್ತದೆ. ಕಮಾಂಡೊಂದಕ್ಕೆ ಹೊಸ ಕೈಪಿಡಿ ಪುಟ ಸೇರಿಸಿ ಪಟ್ಟಿಯಲ್ಲಿ ನಮೂದಿಸಲು ಮರೆತರೆ, ಎಲ್ಲ ಸರಿಯಾಗಿ ಕಂಪೈಲ್ ಆಗಿ ಇನ್ನೇನು ಮುಗಿಯಿತು ಎನ್ನುವಾಗ ಗುರಿ ಡೈರೆಕ್ಟರಿಯಲ್ಲಿ ಒಂದು ಹೆಚ್ಚುವರಿ ಕಡತವಿದೆ ಎಂದು ಬಿಲ್ಡ್ ನಿಂತುಬಿಡುತ್ತದೆ. ಪಟ್ಟಿಯಲ್ಲಿದ್ದು ತಯಾರಾಗದ ಕಡತಕ್ಕೂ ಇದೇ ಗತಿ. ಆದರೂ ಈ ಕಟ್ಟುನಿಟ್ಟು ಬೇಕೇ ಬೇಕು. ತೆಗೆದುಹಾಕಿದ ಕಡತವನ್ನು ಪಟ್ಟಿಯಿಂದ ಅಳಿಸದೆ ‘ಆಬ್ಸಲೀಟ್’ ಎಂದು ಗುರುತು ಮಾಡಿಡುವ ರೂಢಿಯಿಂದಾಗಿ, ಹಳೆಯ ಸಿಸ್ಟಮ್ ಅಪ್‌ಗ್ರೇಡ್ ಆಗುವಾಗ ಕಸ ಯಾವುದೆಂದು ಖಚಿತವಾಗಿ ಗೊತ್ತಾಗುತ್ತದೆ.

ಏಕಕಾಲಕ್ಕೆ ಹಲವು ಕೆಲಸ ನಡೆಸುವ ‘ಜೆ’ ಆಯ್ಕೆಯ ತಪ್ಪುಗಳು ಹಿಡಿಯಲು ಹೆಚ್ಚು ಕಷ್ಟ. ಒಂದು ಕಡತ ಇನ್ನೊಂದನ್ನು ಅವಲಂಬಿಸಿದೆ ಎಂದು ಮೇಕ್‌ಫೈಲಿನಲ್ಲಿ ಬರೆಯದೆ ಬಿಟ್ಟರೆ, ಒಂದೊಂದಾಗಿ ಕಟ್ಟುವಾಗ ಅದು ಗೊತ್ತೇ ಆಗುವುದಿಲ್ಲ; ಹದಿನಾರು ಕೆಲಸ ಒಟ್ಟಿಗೆ ಓಡಿದಾಗ ಒಮ್ಮೆ ಕೆಡುತ್ತದೆ, ಮತ್ತೊಮ್ಮೆ ಕೆಡುವುದಿಲ್ಲ. ಡೈರೆಕ್ಟರಿಗಳ ನಡುವೆ ‘.ವೇಟ್’ ಎಂಬ ತಡೆ ಹಾಕಿ ಸುಮ್ಮನಾಗಬಹುದು, ಕೆಲವೆಡೆ ಅದೇ ಸರಿ. ಕಾಣೆಯಾದ ಅವಲಂಬನೆಯನ್ನು ಮುಚ್ಚಿಡಲು ಅದನ್ನು ಬಳಸಿದರೆ ಬಿಲ್ಡಿನ ವೇಗವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಒಂದೇ ಸೋರ್ಸಿನಿಂದ ಯಾರು, ಯಾವಾಗ, ಎಲ್ಲಿ ಕಟ್ಟಿದರೂ ಬೈಟ್‌ಗೆ ಬೈಟ್ ಒಂದೇ ಆದ ಇಮೇಜ್ ಬರಬೇಕೆಂಬುದು ಮುಂದಿನ ಗುರಿಯಾಯಿತು. ಹಾಗಾದರೆ ಮಾತ್ರ ಅಧಿಕೃತ ಬೈನರಿ ಪ್ರಕಟಿತ ಸೋರ್ಸಿನಿಂದಲೇ ಬಂದಿದೆಯೇ ಎಂದು ಬೇರೆಯವರು ಪರೀಕ್ಷಿಸಬಹುದು. ಅಡ್ಡಿಗಳೆಲ್ಲ ಸಣ್ಣಪುಟ್ಟವು: ಕರ್ನಲ್‌ನೊಳಗೆ ಬರೆದುಕೊಂಡ ಬಿಲ್ಡಿನ ಸಮಯ ಮತ್ತು ಬಳಕೆದಾರರ ಹೆಸರು, ಲೈಬ್ರರಿ ಕಡತದೊಳಗಿನ ದಿನಾಂಕ, ಡಿಬಗ್ ಮಾಹಿತಿಯಲ್ಲಿ ಉಳಿದ ಡೈರೆಕ್ಟರಿಯ ಪೂರ್ಣ ಹಾದಿ. ಒಂದೊಂದನ್ನೂ ಹುಡುಕಿ ತೆಗೆಯಬೇಕಾಯಿತು. ಸಮಯದ ಜಾಗದಲ್ಲಿ ಸೋರ್ಸಿಗೆ ಕೊನೆಯ ಬದಲಾವಣೆಯಾದ ವೇಳೆಯನ್ನೇ ಬಳಸಲಾಯಿತು. 2017ರ ಫೆಬ್ರವರಿಯಲ್ಲಿ ನೆಟ್‌ಬಿಎಸ್‌ಡಿ ಡೆವಲಪರ್ ಕ್ರಿಸ್ಟೋಸ್ ಜೂಲಾಸ್ ಅವರು ಎಎಂಡಿ64 ಮತ್ತು ಸ್ಪಾರ್ಕ್64 ಯಂತ್ರಗಳಿಗೆ ಈ ಗುರಿ ಕೈಗೂಡಿದ್ದನ್ನು ಪ್ರಕಟಿಸಿದರು.

ಹೊರಗಿನಿಂದ ತಂದ ತಂತ್ರಾಂಶದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕಡತ ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದ, 2024ರ ಮಾರ್ಚಿನಲ್ಲಿ ಬಯಲಾದ ಪ್ರಕರಣದಲ್ಲಿ ಕಳ್ಳ ಕೋಡಿಗೆ ಬಾಗಿಲು ತೆರೆದದ್ದು ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇದ್ದ ಒಂದು ಬಿಲ್ಡ್ ಮ್ಯಾಕ್ರೊ. ನೆಟ್‌ಬಿಎಸ್‌ಡಿ ಟ್ರೀಗೆ ತಂದ ತಂತ್ರಾಂಶಕ್ಕೆ ಯೋಜನೆಯವರೇ ಸಾಮಾನ್ಯವಾಗಿ ತಮ್ಮ ಮೇಕ್‌ಫೈಲ್ ಬರೆಯುತ್ತಾರೆ. ಅದರ ‘ಕಾನ್ಫಿಗರ್’ ಹಂತದ ಫಲಿತಾಂಶವನ್ನು ಟ್ರೀಯಲ್ಲೇ ಉಳಿಸಿಕೊಳ್ಳುತ್ತಾರೆ. ಶ್ರಮದ ದಾರಿ, ಆದರೆ ಏನು ಓಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಜಿಸಿಸಿ ಕಂಪೈಲರ್ ಹೊಸದಾಗಿ ಬಂದಾಗಲಂತೂ ಕೆಲಸ ದೊಡ್ಡದು. ಹಳೆಯದನ್ನು ‘ಜಿಸಿಸಿ.ಓಲ್ಡ್’ ಡೈರೆಕ್ಟರಿಗೆ ಸರಿಸಿ, ಒಂದೊಂದು ಬಗೆಯ ಯಂತ್ರಕ್ಕೂ ಹೊಸದರಲ್ಲಿ ಕಟ್ಟಿ, ಬೂಟ್ ಮಾಡಿ, ಸರಿಯೆನಿಸಿದ ಮೇಲೆ ಅದನ್ನು ಹೊಸ ಕಂಪೈಲರಿಗೆ ದಾಟಿಸಲಾಗುತ್ತದೆ. ಎಲ್ಲವೂ ದಾಟಿದ ನಂತರ ಹಳೆಯ ಡೈರೆಕ್ಟರಿಯನ್ನು ತೆಗೆದುಹಾಕುತ್ತಾರೆ.