ಹಕ್ಕಿಗೆ ಕಾಳು: ಎಲ್ಲಿಯ ಪಾಠ, ಎಲ್ಲಿಯ ಚಳಿ?

ಚಳಿಗಾಲದಲ್ಲಿ ಕಾಳು ಹಾಕಿ ಹಕ್ಕಿಗಳನ್ನು ಉಳಿಸಿ ಎಂಬ ಉಪದೇಶವನ್ನು ಮಕ್ಕಳ ಪುಸ್ತಕಗಳಲ್ಲಿ ಕಾಣುತ್ತೇವೆ. ಉದ್ದೇಶ ಒಳ್ಳೆಯದೇ, ಆದರೆ ಅದು ಶೀತದೇಶಗಳ ಪಾಠ. ಡಿಸೆಂಬರಿನ ಲಂಡನ್ನಿನಲ್ಲಿ ಹಗಲು 8 ಗಂಟೆಗಿಂತ ಕಡಿಮೆ. ಸುಮಾರು 11 ಗ್ರಾಂ ತೂಗುವ ಬ್ಲೂ ಟಿಟ್ ಹಕ್ಕಿ ಅಷ್ಟರೊಳಗೆ ತಿಂದು, 16 ಗಂಟೆಗಳ ರಾತ್ರಿಗೆ ಬೇಕಾದ ಕೊಬ್ಬನ್ನು ಕೂಡಿಟ್ಟುಕೊಳ್ಳಬೇಕು. ಅಲ್ಲಿ ತಟ್ಟೆಯ ಕಾಳು ಜೀವ ಉಳಿಸಬಲ್ಲದು.

ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಶಿವಮೊಗ್ಗ, ಭದ್ರಾವತಿಗಳಲ್ಲಿ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ನೀರು ಹೆಪ್ಪುಗಟ್ಟುವುದಿಲ್ಲ, ಕೀಟಗಳಿಗೆ ಬರವಿಲ್ಲ. ಆದ್ದರಿಂದಲೇ ಬೂದು ಸಿಪಿಲೆ, ಕವಲುತೋಕೆಗಳು ಉತ್ತರದಿಂದ ಇಲ್ಲಿಗೆ ವಲಸೆ ಬರುತ್ತವೆ. ಕೀಟಾಹಾರಿಗಳಾದ ಇವು ಅಕ್ಕಿಯನ್ನು ಮುಟ್ಟುವುದಿಲ್ಲ. ಸುರಿದ ಕಾಳು ಹೆಚ್ಚಾಗಿ ಸೇರುವುದು ಪಾರಿವಾಳಕ್ಕೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ, 2000ದಿಂದೀಚೆಗೆ ಅದರ ಸಂಖ್ಯೆ ಶೇಕಡಾ 150ಕ್ಕೂ ಹೆಚ್ಚು ಏರಿದೆ. ಹಕ್ಕಿಗಳು ಮುತ್ತುವ ಕೊಳಕು ತಟ್ಟೆ ರೋಗವನ್ನೂ ಹರಡಬಲ್ಲದು.

ನಮ್ಮಲ್ಲಿ ಕೆರೆಕಟ್ಟೆ ಬತ್ತುವ ಬೇಸಗೆಯೇ ಚಳಿಗಿಂತ ಕಠಿಣ. ದಿನವೂ ತೊಳೆದಿಟ್ಟ ನೀರಿನ ಬೋಗುಣಿ, ಅಂಗಳದ ಹಣ್ಣಿನ ಮರ, ತುಂಗಾ ಮತ್ತು ಭದ್ರಾ ದಂಡೆಯ ಪೊದೆಗಳು ಕಾಳಿಗಿಂತ ಹೆಚ್ಚು ಹಕ್ಕಿಗಳನ್ನು ಸಲಹುತ್ತವೆ. ಪೊದೆ ಕಡಿದು ಕಾಳು ಹಾಕಿದರೆ ಸಿಪಿಲೆಗೆ ಏನು ಪ್ರಯೋಜನ? ಅಧ್ಯಾಪಕರು ಕಾಳು ಹಾಕಿಸುವ ಮೊದಲು, ಯಾವ ಹಕ್ಕಿ ಏನು ತಿನ್ನುತ್ತದೆಂದು ಮಕ್ಕಳಿಂದ ನೋಡಿಸಿ ಬರೆಸಲಿ.