ಮುನ್ಷಿಯ ಕನ್ನಡ, ಮದ್ದೂರಿನ ಕಿವಿ: ಮಿಷನರಿ ಭಾಷಾಬೋಧನೆಯ ಪರಂಪರೆಯನ್ನು ಕುರಿತು

ಹೊರಗಿನಿಂದ ಬಂದವರಿಗೆ ಯಾವ ಕನ್ನಡವನ್ನು ಮೊದಲು ಕಲಿಸಬೇಕೆಂಬ ಪ್ರಶ್ನೆಯನ್ನು ನಮ್ಮ ಭಾಷಾಶಾಸ್ತ್ರ ಬಹುಮಟ್ಟಿಗೆ ಬೋಧನಕ್ರಮದ ಪ್ರಶ್ನೆಯೆಂದೇ ಭಾವಿಸಿಕೊಂಡು ಬಂದಿದೆ. ಅದು ವರ್ಣನೆಯ ಪ್ರಶ್ನೆಯೂ ಹೌದು. ಕಲಿಸಲು ಹೊರಟವನು ಒಂದು ರೂಪವನ್ನು ಮೂಲವೆಂದು ಇಟ್ಟುಕೊಂಡ ಕ್ಷಣದಲ್ಲೇ ಉಳಿದ ರೂಪಗಳು ಅದರ ಸವಕಲುಗಳಾಗಿ ಕಾಣತೊಡಗುತ್ತವೆ. ಈ ಮಾತನ್ನು ಪರೀಕ್ಷಿಸಲು ಕನ್ನಡದಲ್ಲಿ ಮಿಷನರಿಗಳ ಭಾಷಾಭ್ಯಾಸಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ; ಅವರ ವ್ಯಾಕರಣಗಳನ್ನು ಒರೆಗೆ ಹಚ್ಚಲು ಮಂಡ್ಯ, ಮದ್ದೂರು, ಮಳವಳ್ಳಿಗಳ ಆಡುಮಾತಿಗಿಂತ ಒಳ್ಳೆಯ ಕಲ್ಲೂ ಇಲ್ಲವೆಂಬುದು ನಮ್ಮ ಎಣಿಕೆ.

ಈ ನೆಲಕ್ಕೂ ಆ ಅಭ್ಯಾಸಕ್ಕೂ ನಂಟು ಹಳೆಯದು. ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣಕ್ಕೆ 17ನೆಯ ಶತಮಾನದ ನಡುವಿನಲ್ಲಿ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಆ ಭಾಷೆಯಲ್ಲಿ ಧರ್ಮಬೋಧೆಯ ಬರಹಗಳನ್ನು ರಚಿಸಿದವನು. 1799ರಲ್ಲಿ ಪಟ್ಟಣ ಬಿದ್ದ ಬಳಿಕ ಅಲ್ಲಿಯ ಕ್ರೈಸ್ತರ ನಡುವೆ ಕೆಲಸಕ್ಕೆ ಬಂದ ಫ್ರೆಂಚ್ ಪಾದ್ರಿ ಅಬೆ ದುಬುವಾ 1823ರಲ್ಲಿ ದೇಶ ಬಿಡುವವರೆಗೆ ಈ ಸೀಮೆಯ ಉಡುಗೆ, ಊಟ, ನಡವಳಿಕೆಗಳನ್ನು ತನ್ನವಾಗಿಸಿಕೊಂಡು ಬಾಳಿದ. ದುಬುವಾನಿಗೆ ಭಾಷಾಭ್ಯಾಸ ದಿನಚರಿಯಿಂದ ಬೇರೆಯಾದ ಪಾಠವಾಗಿರಲಿಲ್ಲ. ಆತನ ಪ್ರಸಿದ್ಧ ಗ್ರಂಥದ ತೀರ್ಪುಗಳನ್ನು ನಾವು ಒಪ್ಪದಿರಬಹುದು, ಒಪ್ಪಲಾಗದವು ಅಲ್ಲಿ ಹಲವಿವೆ. ಆದರೆ ಜನರ ನಡುವೆ ಕುಳಿತು ಕಲಿತವನ ಕಿವಿ ಅದರಲ್ಲಿದೆ.

19ನೆಯ ಶತಮಾನದ ಪ್ರಾಟೆಸ್ಟೆಂಟ್ ಮಿಷನ್ನುಗಳು ಬಂದಾಗ ಕ್ರಮ ಬದಲಾಯಿತು. ಕಲಿಕೆಗೆ ಮುದ್ರಿತ ಪುಸ್ತಕ ಬಂತು, ಪರೀಕ್ಷೆ ಬಂತು, ಸಂಬಳದ ಮುನ್ಷಿ ಬಂದ. ಬಳ್ಳಾರಿಯ ವಿಲಿಯಂ ರೀವ್‌ನ ನಿಘಂಟು, ಬೆಂಗಳೂರಿನಲ್ಲಿ 1859ರಲ್ಲಿ ಹೊರಬಂದ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್‌ನ ವ್ಯಾಕರಣ, 1914ರಲ್ಲಿ ಮೈಸೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಬಂದ ಹೆರಾಲ್ಡ್ ಸ್ಪೆನ್ಸರ್‌ನ ಅಭ್ಯಾಸಸಹಿತ ವ್ಯಾಕರಣ: ಇವು ಆ ಸಾಲಿನ ಮುಖ್ಯ ಕೃತಿಗಳು. ಇವುಗಳ ಶಿಸ್ತನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಹಂತ ಹಂತವಾಗಿ ಏರುವ ಪಾಠ, ಪದಪಟ್ಟಿ, ಎರಡೂ ಕಡೆಯ ಅನುವಾದದ ಅಭ್ಯಾಸ ಇವೆಲ್ಲ ಕನ್ನಡ ಬೋಧನೆಗೆ ಮೊದಲ ಗಟ್ಟಿ ಚೌಕಟ್ಟನ್ನು ಒದಗಿಸಿದವು. ಸ್ಪೆನ್ಸರ್‌ನ ಪುಸ್ತಕ 1950ರಲ್ಲಿ ಪರಿಷ್ಕರಣೆಗೊಂಡದ್ದೂ ಅದರ ಉಪಯುಕ್ತತೆಗೆ ಸಾಕ್ಷಿ.

ತೊಡಕು ಬೇರೆಡೆ ಇದೆ. ಕಲಿಯುವವನ ಬೆಳಗಿನ ಹೊತ್ತು ಮುನ್ಷಿಯೊಡನೆ ಕಳೆಯುತ್ತಿತ್ತು. ಮುನ್ಷಿ ಬಹುಮಟ್ಟಿಗೆ ಓದುಬಲ್ಲ ಮೇಲುಜಾತಿಯವನು. ಅವನು ಒಪ್ಪಿದ್ದು ಸರಿಗನ್ನಡ, ಮೂಗು ಮುರಿದದ್ದು ತಪ್ಪುಗನ್ನಡ. ಓದಿಗೆ ಸಿಗುತ್ತಿದ್ದುದು ಜೈಮಿನಿ ಭಾರತದಂಥ ಕಾವ್ಯ. ವೆಸ್ಲಿಯನ್ ಮಿಷನ್ನಿನ ಸ್ಯಾಂಡರ್ಸನ್ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮುದ್ರಿಸಿದ್ದನ್ನು ನೆನೆಯಬಹುದು. ಷಟ್ಪದಿಯನ್ನು ಅನ್ವಯಿಸಬಲ್ಲ ತರುಣ ಪಾದ್ರಿ ಸಂಜೆ ಹಳ್ಳಿಗೆ ಹೋದಾಗ ಕೇಳುತ್ತಿದ್ದ ಮಾತು ಇನ್ನೊಂದು. ಆ ಅಂತರವನ್ನು ಅವನ ಪುಸ್ತಕ ‘ಸಂಕೋಚ’, ‘ಗ್ರಾಮ್ಯ’ ಎಂಬ ಎರಡು ಪೆಟ್ಟಿಗೆಗಳಿಗೆ ತುಂಬುವ ದೃಷ್ಟಿಯನ್ನೇ ಅವನಿಗೆ ಕೊಟ್ಟಿತ್ತು. ಬರಹದ ‘ಬರುತ್ತೇನೆ’ ಮೂಲ, ಹಳ್ಳಿಯ ‘ಬತ್ತೀನಿ’ ಅದರ ಒಡಕಲು.

ಈ ಅನುಕ್ರಮವನ್ನು ಚರಿತ್ರೆ ಒಪ್ಪುವುದಿಲ್ಲ. ವ್ಯಂಜನದ ಮುಂದೆ ರಕಾರ ಕರಗುವುದು ಮಂಡ್ಯದ ಒಕ್ಕಲಿಗನ ನಾಲಿಗೆಯ ಸೋಮಾರಿತನವಲ್ಲ. ಹಳಗನ್ನಡದ ‘ಇರ್ದು’ ಇಂದಿನ ಶಿಷ್ಟರ ‘ಇದ್ದು’ ಆದದ್ದು, ‘ಎರ್ದೆ’ ನಮ್ಮೆಲ್ಲರ ‘ಎದೆ’ ಆದದ್ದು ಇದೇ ಹಾದಿಯಲ್ಲಿ. ಶಿಷ್ಟ ಕನ್ನಡ ಆ ನಿಯಮವನ್ನು ಕೆಲವು ಪದಗಳಲ್ಲಿ ಒಪ್ಪಿ ಬರಹದ ಅಂಕೆಯಿಂದ ನಿಂತಿತು. ಮದ್ದೂರಿನ ಮಾತು ಅದನ್ನು ‘ಬತ್ತೀನಿ’, ‘ತತ್ತೀನಿ’ಗಳವರೆಗೆ ಒಯ್ದಿತು. ಹಕಾರದ ಕಥೆ ಇನ್ನೂ ಸ್ಪಷ್ಟ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ 10ನೆಯ ಶತಮಾನದ ಶಾಸನ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ದಾಖಲಿಸುತ್ತದೆ. ಅಲ್ಲಿ ಆ ಪ್ರಾಣಿ ‘ಪಂದಿ’. ಪಠ್ಯಪುಸ್ತಕದಲ್ಲಿ ಅದು ‘ಹಂದಿ’. ಅದೇ ತಾಲ್ಲೂಕಿನ ಇಂದಿನ ಹೊಲದಲ್ಲಿ ಅದು ‘ಅಂದಿ’. ಒಂದೇ ನೆಲದಲ್ಲಿ ಒಂದು ಧ್ವನಿ ಸಾವಿರ ವರ್ಷ ನಡೆದ ದಾರಿ ಇದು. ನಡುವಿನ ಮಜಲನ್ನು ಮೂಲವೆಂದೂ ಕೊನೆಯ ಮಜಲನ್ನು ಕೆಡುಕೆಂದೂ ಕರೆಯಲು ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ; ಆಧಾರವಿರುವುದು ಸಮಾಜದಲ್ಲಿ.

ಇದನ್ನು ಅಮೆರಿಕದ ವಿದ್ವಾಂಸ ವಿಲಿಯಂ ಬ್ರೈಟ್ 1960ರ ಸುಮಾರಿಗೆ ಜಾತಿಭಾಷೆಗಳ ಅಧ್ಯಯನದಲ್ಲಿ ಎತ್ತಿ ತೋರಿಸಿದ. ಬ್ರಾಹ್ಮಣರ ಮಾತಿನಲ್ಲಿ ಉಳಿದ ಹಕಾರ ಬ್ರಾಹ್ಮಣೇತರರ ಮಾತಿನಲ್ಲಿ ಇಲ್ಲದಿರುವುದು ಅವನ ಉದಾಹರಣೆಗಳಲ್ಲೊಂದು. ಆ ಬಳಿಕ ಡೆಕ್ಕನ್ ಕಾಲೇಜಿನ ಮಾಲೆಯಲ್ಲಿ ನಂಜನಗೂಡು, ತಿಪಟೂರುಗಳ ಕನ್ನಡದ ವರ್ಣನೆಗಳು ಬಂದವು. ಮಂಡ್ಯದ ನೆರೆಯ ಈ ಎರಡು ಊರುಗಳ ಕೆಲಸವನ್ನು ಮುಂದಿಟ್ಟುಕೊಂಡಾದರೂ ಬೋಧನೆಯ ಪುಸ್ತಕಗಳು ಬದಲಾಗಬೇಕಿತ್ತು.

ಕಿಟೆಲ್‌ನ 1894ರ ನಿಘಂಟನ್ನು ಈ ಆಕ್ಷೇಪದಿಂದ ಸ್ವಲ್ಪ ಹೊರಗಿಡಬೇಕು. ಪದವೊಂದು ಮೈಸೂರು ಸೀಮೆಯದೆಂದು ಆತ ಗುರುತು ಹಾಕುತ್ತಾನೆ; ಹಾಗೆ ಗುರುತಿಸುವುದೇ ಪ್ರಾದೇಶಿಕ ರೂಪಕ್ಕೆ ಕೊಟ್ಟ ಮನ್ನಣೆ. ಆದರೆ ಆತನ ಬಾಳು ಹೆಚ್ಚಾಗಿ ಕಳೆದದ್ದು ಧಾರವಾಡ, ಮಂಗಳೂರು, ಮಡಿಕೇರಿಗಳ ಕಡೆ. ‘ಮೈಸೂರು’ ಎಂಬ ಒಂದೇ ಚೀಟಿ ಮಳವಳ್ಳಿಯನ್ನೂ ಕೋಲಾರವನ್ನೂ ಒಟ್ಟಿಗೆ ನುಂಗಿಬಿಡುತ್ತದೆ.

ಧ್ವನಿಯ ಮಾತು ಹಾಗಿರಲಿ, ಅದನ್ನು ಕಲಿಯುವವನು ಕೆಲವು ವಾರಗಳಲ್ಲಿ ಸುಧಾರಿಸಿಕೊಂಡಾನು. ‘ಏಳಪ್ಪ’ ಎಂದರೆ ಹೇಳೆಂದೋ ಎದ್ದೇಳೆಂದೋ ಎಂಬುದನ್ನು ಸಂದರ್ಭ ಬಿಡಿಸುತ್ತದೆ. ‘ಇಟ್ಟು ಉಂಡ್ಯಾ?’ ಎಂಬ ಪ್ರಶ್ನೆ ನಿಘಂಟು ಹಿಡಿದವನಿಗೆ ಎರಡು ಪಟ್ಟು ಕಷ್ಟ: ಮೊದಲು ಅದು ‘ಹಿಟ್ಟು’ ಎಂದು ತಿಳಿಯಬೇಕು, ಆಮೇಲೆ ಈ ಸೀಮೆಯಲ್ಲಿ ಹಿಟ್ಟೆಂದರೆ ಬೀಸಿದ ಪುಡಿಯಷ್ಟೇ ಅಲ್ಲ, ಬೆಂದ ರಾಗಿಮುದ್ದೆ ಎಂದು ತಿಳಿಯಬೇಕು. ಇಲ್ಲಿ ಒಂದು ಊಹೆಯನ್ನು ಮುಂದಿಡುತ್ತೇವೆ. ಹಕಾರ ಬಿದ್ದಾಗ ‘ಹಿಟ್ಟು’, ‘ಇಡು’ ಧಾತುವಿನ ‘ಇಟ್ಟು’ವಿನೊಡನೆ ಡಿಕ್ಕಿ ಹೊಡೆಯಬೇಕು, ಮಂಡ್ಯದ ಮಾತಿನಲ್ಲಿ ಅದು ಅಷ್ಟಾಗಿ ಬಾಧಿಸದಿರುವುದಕ್ಕೆ ‘ಇಡು’ವಿನ ಜಾಗವನ್ನು ಬಹುಪಾಲು ‘ಮಡಗು’ ಹಿಡಿದಿರುವುದು ಒಂದು ಕಾರಣವಿರಬಹುದು. ಪರೀಕ್ಷಿಸಬೇಕಾದ ಮಾತು; ಆದರೆ ‘ಮಡಗು’ವನ್ನು ಗ್ರಾಮ್ಯವೆಂದು ಪಕ್ಕಕ್ಕೆ ಸರಿಸಿದವನಿಗೆ ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ.

ನಿಜವಾದ ಹಾನಿ ವ್ಯಾಕರಣದ ಒಳಗೆ ಆಗಿದೆ. ‘ಅದೆ’ಯನ್ನು ತೆಗೆದುಕೊಳ್ಳೋಣ. ‘ದುಡ್ಡದೆ’, ‘ಅವ್ಳು ಮನೇಲವ್ಳೆ’, ‘ಅವ್ನು ಗದ್ದೇಲವ್ನೆ’, ‘ಎಮ್ಮೆ ಅವೆ’ ಎಂಬಲ್ಲಿ ಇರುವಿಕೆಯನ್ನು ಹೇಳುವ ಕ್ರಿಯಾರೂಪಗಳು ಸರ್ವನಾಮದ ಆಕಾರದಲ್ಲೇ ಇವೆ. ‘ಇದೆ, ಇದ್ದಾಳೆ, ಇದ್ದಾನೆ, ಇವೆ’ ಎಂಬ ಪಟ್ಟಿ ಕಲಿತವನಿಗೆ ‘ಗದ್ದೇಲವ್ನೆ’ ಎಂಬುದು ‘ಗದ್ದೆಯಲ್ಲಿ ಅವನೇ’ ಎಂದು ಕೇಳಿಸುತ್ತದೆ, ವಾಕ್ಯ ಮುಗಿಯಲಿಲ್ಲವೆಂದು ಅವನು ಕಾಯುತ್ತಾನೆ. ಇದು ಸಂಕೋಚವಲ್ಲ, ಪ್ರತ್ಯೇಕ ರೂಪಾವಳಿ. ಹಾಗೆಯೇ ‘ಕೆರೆತಾವ’, ‘ಅವನ್ತಾವ ಕೇಳು’ ಎಂಬಲ್ಲಿಯ ‘ತಾವ’: ಸ್ಥಳವೆಂಬರ್ಥದ ‘ತಾವು’ ಇಲ್ಲಿ ವಿಭಕ್ತಿಯ ಕೆಲಸಕ್ಕೆ ಇಳಿದಿದೆ. ಗೌರವದ ‘ತಾವು’ ಮಾತ್ರ ಬಲ್ಲ ಕಲಿಕೆಗಾರನಿಗೆ ಇದು ಒಗಟು.

ಗೌರವದ ವಿಚಾರಕ್ಕೆ ಬಂದರೆ ಪುಸ್ತಕಗಳು ಇನ್ನೂ ದಾರಿ ತಪ್ಪಿಸುತ್ತವೆ. ‘ನೀನು’ ಕಿರಿಯರಿಗೆ, ‘ನೀವು’ ಹಿರಿಯರಿಗೆ, ‘ತಾವು’ ಇನ್ನೂ ದೊಡ್ಡವರಿಗೆ ಎಂಬ ಮೂರು ಮೆಟ್ಟಿಲ ಏಣಿ ಅಚ್ಚುಕಟ್ಟಾಗಿದೆ. ಮಳವಳ್ಳಿಯ ಜಗಲಿಯ ಮೇಲೆ ಅದು ನಿಲ್ಲುವುದಿಲ್ಲ. ಅಲ್ಲಿ ಹಿರಿಯರನ್ನೂ ‘ಬಾ ಅಣ್ಣ’, ‘ಕೂತ್ಕೊ ಅವ್ವ’ ಎಂದು ಏಕವಚನದಲ್ಲೇ ಕರೆಯುವುದುಂಟು. ಮರ್ಯಾದೆಯನ್ನು ಹೊರುವುದು ಕ್ರಿಯಾಪದದ ಬಹುವಚನವಲ್ಲ, ನೆಂಟಸ್ತಿಕೆಯ ಪದ. ಜೊತೆಗೆ ‘ಕಣ್ಲಾ’, ‘ಕಣಮ್ಮಿ’, ‘ಕಣಪ್ಪ’, ‘ಕಣವ್ವ’ ಎಂಬ ಒಂದು ಸಾಲಿದೆ. ವಾಕ್ಯದ ಕರ್ತೃ ಯಾರೇ ಆಗಿರಲಿ, ಕೇಳುಗ ಗಂಡೋ ಹೆಣ್ಣೋ, ಆತ್ಮೀಯನೋ ಹಿರಿಯನೋ ಎಂಬುದನ್ನು ಇವು ವಾಕ್ಯದ ಕೊನೆಯಲ್ಲಿ ಗುರುತಿಸುತ್ತವೆ. ‘ಮಳೆ ಬತ್ತದೆ ಕಣ್ಲಾ’ ಎಂಬಲ್ಲಿ ಮಳೆಗೂ ‘ಲಾ’ಗೂ ಸಂಬಂಧವಿಲ್ಲ, ಸಂಬಂಧವಿರುವುದು ಕೇಳುವವನೊಡನೆ. ಬಾಸ್ಕ್ ಭಾಷೆಯಲ್ಲಿ ಕೇಳುಗನ ಗುರುತು ಕ್ರಿಯಾಪದದೊಳಗೆ ಸೇರಿಕೊಳ್ಳುವುದನ್ನು ಭಾಷಾಶಾಸ್ತ್ರಜ್ಞರು ಬೆರಗಿನಿಂದ ವರ್ಣಿಸಿದ್ದಾರೆ. ಅದಕ್ಕೆ ದೂರದ ಬಂಧುವಾಗಬಹುದಾದ ಒಂದು ವ್ಯವಸ್ಥೆ ಮೈಸೂರು–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದ್ದರೂ ಕಲಿಕೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ‘ಸಂಬೋಧನಾವ್ಯಯ’ ಎಂಬ ಒಂದು ಹೆಸರು ಮಾತ್ರ.

ಮಿಷನರಿ ಪುಸ್ತಕವನ್ನೇ ದೂರಿ ಕೈತೊಳೆದುಕೊಳ್ಳುವುದು ಸುಲಭ. ಆ ಪುಸ್ತಕದ ಮೇಲುಕೀಳುಗಳನ್ನು ಮುಂದುವರಿಸಿದವರು ನಾವು. ಹೊರರಾಜ್ಯದ ಶಿಕ್ಷಕರಿಗೆ, ಅಧಿಕಾರಿಗಳಿಗೆ, ಬ್ಯಾಂಕಿನ ನೌಕರರಿಗೆ ಇಂದು ಕಲಿಸುವ ಕನ್ನಡವೂ ಬಹುಮಟ್ಟಿಗೆ ಮುನ್ಷಿಯ ಕನ್ನಡವೇ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದಾಗ ಎದ್ದ ಗದ್ದಲವೆಲ್ಲ ಮಹಾಪ್ರಾಣ ಅಕ್ಷರಗಳ ಸುತ್ತಲೇ ತಿರುಗಿತು. ಆಡುಮಾತಿನ ರೂಪಾವಳಿಗಳನ್ನು ಸ್ವತಂತ್ರವಾಗಿ ವರ್ಣಿಸುವ ಕೆಲಸ ಹಿಂದೆ ಉಳಿಯಿತು. ಅದರ ಬೆಲೆ ತೆರುವವರು ಹೊರಗಿನವರಷ್ಟೇ ಅಲ್ಲ. ‘ಆಲು’ ಎಂದ ಮಗು ಹಳ್ಳಿಯ ಶಾಲೆಯಲ್ಲಿ ನಗೆಗೀಡಾಗುವುದು ಇದೇ ವ್ಯಾಕರಣದಿಂದ. ಬೆಸಗರಹಳ್ಳಿ ರಾಮಣ್ಣನವರ ಕಥೆಗಳಲ್ಲಿ ಈ ಮಾತನ್ನು ಮೆಚ್ಚಿ ಓದುವ ನಾವೇ ತರಗತಿಯಲ್ಲಿ ಅದನ್ನು ತಿದ್ದುತ್ತೇವೆ. ಸಾಹಿತ್ಯಕ್ಕೆ ಒಪ್ಪಿದ್ದು ವ್ಯಾಕರಣಕ್ಕೆ ಏಕೆ ಒಪ್ಪಬಾರದೆಂದು ಯಾರೂ ಕೇಳುವುದಿಲ್ಲ.

ಬರಹದ ಕನ್ನಡವನ್ನು ಕಲಿಸಬಾರದೆಂಬುದು ನಮ್ಮ ವಾದವಲ್ಲ. ಪತ್ರಿಕೆ ಓದಬೇಕಾದವನಿಗೆ, ಅರ್ಜಿ ಬರೆಯಬೇಕಾದವನಿಗೆ ಅದು ಬೇಕೇ ಬೇಕು. ನಾವು ಕೇಳುವುದು ಎರಡು ರೂಪಾವಳಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರಿಂದ ಇನ್ನೊಂದನ್ನು ಹುಟ್ಟಿಸದೆ, ಎರಡನ್ನೂ ಹಳೆಯ ರೂಪಕ್ಕೆ ಜೋಡಿಸಿ ತೋರಿಸುವ ಪಾಠವನ್ನು. ಮಂಡ್ಯದ ಕಡೆಗೆ ಕೆಲಸಕ್ಕೆ ಹೋಗುವವರಿಗೆ ಅಂಥ ಪಾಠ ‘ಅದೆ, ಅವ್ನೆ, ಅವ್ಳೆ, ಅವೆ’ಯಿಂದ ಮೊದಲಾಗಬಹುದು, ‘ತಾವ’ ಎರಡನೆಯ ವಾರಕ್ಕೇ ಬರಬಹುದು. ‘ಕಣ್ಲಾ’ದ ಸಾಲನ್ನು ಕೇಳಿಸಿಕೊಂಡು ಗುರುತಿಸುವುದನ್ನು ಮೊದಲು ಕಲಿಸಬೇಕು, ಬಳಸುವುದನ್ನು ಬಹಳ ತಡವಾಗಿ, ಊರಿನವರು ಕಲಿಕೆಗಾರನನ್ನು ತಾವಾಗಿ ‘ಅಣ್ಣ’ ಎಂದೋ ‘ಅವ್ವ’ ಎಂದೋ ಕರೆಯತೊಡಗಿದ ಮೇಲೆ.