ಕಿರುಬರಹವೂ ನೀಳ್ಬರಹವೂ
ಇಂದು ‘ಎಕ್ಸ್’ ಎನಿಸಿರುವ ಟ್ವಿಟರ್ ೨೦೦೬ರಲ್ಲಿ ಹುಟ್ಟಿ ಬರಹಗಾರನಿಗೆ ೧೪೦ ಅಕ್ಷರಗಳ ಗೆರೆ ಎಳೆಯಿತು. ೨೦೧೭ರಲ್ಲಿ ಅದನ್ನು ೨೮೦ಕ್ಕೆ ಹಿಗ್ಗಿಸಿತು. ಮೊಬೈಲ್ ಸಂದೇಶದ ೧೬೦ರ ಮಿತಿಯಿಂದ ಬಂದ ಕಟ್ಟಳೆಯಿದು, ಸಾಹಿತ್ಯದ ಅಗತ್ಯದಿಂದ ಬಂದುದಲ್ಲ. ಕನ್ನಡಿಗನಿಗಂತೂ ಗೆರೆ ಇನ್ನೂ ಬಿಗಿ: ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯಂತ್ರದ ಲೆಕ್ಕದಲ್ಲಿ ಆರು!

ಆದರೂ ಬ್ಲಾಗಿನ ನೀಳ್ಬರಹಕ್ಕೆ ಇದನ್ನು ವೈರಿಯೆನ್ನಲಾರೆ. ಪುಸ್ತಕವೊಂದನ್ನು ಓದುವಾಗ ಹೊಳೆದ ಸಂದೇಹವನ್ನು ಇಲ್ಲಿ ಎಸೆದರೆ ಬಲ್ಲವರು ತಿದ್ದುತ್ತಾರೆ, ಕೆಲವರು ತಗಾದೆ ತೆಗೆಯುತ್ತಾರೆ. ಅದೆಲ್ಲ ಮಾಗಿ ಬ್ಲಾಗಿನ ಲೇಖನವಾದೀತು. ತೊಡಕಿರುವುದು ಲೇಖನವನ್ನೇ ಇಪ್ಪತ್ತು ತುಣುಕು ಮಾಡಿ ಸರಪಣಿಯಾಗಿ ತೂಗಿಬಿಡುವ ಚಾಳಿಯಲ್ಲಿ. ‘ಆದರೆ’, ‘ಆದುದರಿಂದ’ಗಳು ಮೊದಲು ಉದುರುತ್ತವೆ, ಬಳಿಕ ಯಾರೋ ಏಳನೆಯ ತುಣುಕನ್ನಷ್ಟೆ ಕಿತ್ತು ಹಂಚುತ್ತಾರೆ, ಎಂಟನೆಯದರಲ್ಲಿ ಲೇಖಕ ಅದನ್ನೇ ಖಂಡಿಸಿದ್ದರೂ.